ಅಕ್ಕನ ನೀರು ಹಸಿರಾದ ದಿನ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಜೀವಮಾನವೆಲ್ಲ ಕಚೇರಿಯಲ್ಲಿ ಕಡತ ತಿರುವಿದವನಿಗೆ ನಿಯಮ ಮುರಿಯುವವರನ್ನು ಕಂಡರೆ ಸಿಟ್ಟು ಬರದೆ ಮುದ್ದು ಬರುತ್ತದೆಯೇ? ಪುಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೈಪು ಹಿಡಿದು ಕಾರು ತೊಳೆಯುವವರ ಜೊತೆ ನಾನು ಜಗಳವಾಡದ ವಾರವಿಲ್ಲ. ಅದು ಕುಡಿಯುವ ನೀರು ಮಾರಾಯರೇ, ಕುಡಿಯುವ ನೀರು ಎಂದು ಮರಾಠಿಯಲ್ಲಿ ಕೂಗಿ ಕೂಗಿ ಗಂಟಲು ಕೆಟ್ಟಿದೆ. ಅಂಥ ನಾನು, ಊರಿಗೆಲ್ಲ ಆ ನೀರು ಕೊಡುವ ಜಲಾಶಯದ ದಂಡೆಯ ಮೇಲೆ ನಾಲ್ಕು ವರ್ಷ ಏನು ಮಾಡಿದೆ ಎಂದು ಬರೆಯಲು ಕೂತರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಇದಕ್ಕೆಲ್ಲ ಮೂಲ ನನ್ನ ಅಕ್ಕ. ಅಂದರೆ ತಪ್ಪು ಅವಳದಲ್ಲ, ಆಸೆ ಮಾತ್ರ ಅವಳದು. ಅವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ತಲೆ ಬಾಚಿ, ತುತ್ತು ತಿನ್ನಿಸಿ ಬೆಳೆಸಿದವಳು ಅವಳೇ. ಮದುವೆಯಾಗಿ ವಿಜಯಪುರಕ್ಕೆ ಹೋದವಳು ಗಂಡ ತೀರಿಕೊಂಡ ಮೇಲೆ ಪುಣೆಗೆ, ನನ್ನ ಮನೆಗೆ ಬಂದಳು. ಅವಳ ಮಡಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಬೆಳಗ್ಗೆ ಸ್ನಾನ ಮಾಡಿ, ಯಾರ ಕೈಯೂ ತಾಗದ ಹಾಗೆ ಕೋಲಿನಿಂದ ಗಳುವಿನ ಮೇಲೆ ಹರವಿ ಒಣಗಿಸಿದ ಸೀರೆ ಉಟ್ಟರೆ, ಪೂಜೆ ಮುಗಿದು ಊಟವಾಗುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ.

ಪುಣೆಯ ಫ್ಲಾಟಿನಲ್ಲಿ ಅವಳಿಗಿದ್ದ ಒಂದೇ ಕೊರಗೆಂದರೆ ನೀರು. ನಳದ ನೀರು ಎಲ್ಲೆಲ್ಲಿ ಹಾದು, ಯಾರ್ಯಾರ ಕೈ ತಾಗಿ, ಮಾಳಿಗೆಯ ಮೇಲಿನ ಟಾಕಿಯಲ್ಲಿ ಪಾರಿವಾಳ ಕೂತು ಎದ್ದು, ಆಮೇಲೆ ತನ್ನ ತಂಬಿಗೆಗೆ ಬರುತ್ತದೆ ಎಂಬ ಯೋಚನೆಗೇ ಅವಳ ಮುಖ ಕಿವಿಚುತ್ತಿತ್ತು. ಒಂದು ತುಳಸಿ ಎಲೆ ಹಾಕಿ, ಬೇರೆ ದಾರಿಯಿಲ್ಲ ಎಂದು ಕುಡಿಯುತ್ತಿದ್ದಳು.

"ಸಾಯೂದ್ರೊಳಗ ನಾಕ್ ವರ್ಷರೆ ನನ್ನ ಕೈಯಾರೆ ತುಂಬಿದ ನೀರು ಕುಡೀಬೇಕು ನೋಡೋ ತಮ್ಮಾ," ಎಂದು ಒಂದು ದಿನ ಅಂದಳು. ನನ್ನ ಹತ್ತಿರ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನನ್ನ ನಿವೃತ್ತಿಯ ಹೊತ್ತಿಗೆ ಸರಿಯಾಗಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಒಂದು ತುಂಡು ಜಾಗ ಸಿಕ್ಕಿತು. ಪೂರ್ವಕ್ಕೆ ಗುಡ್ಡ ಮತ್ತು ರಸ್ತೆ, ಪಶ್ಚಿಮಕ್ಕೆ ಇಳಿಜಾರು, ಅದರ ಕೆಳಗೆ ನೀರು. ಎರಡು ಕೋಣೆಯ ತಗಡಿನ ಮನೆ ಕಟ್ಟಿಸಿ, ಪ್ರತಿ ವರ್ಷ ಚಾತುರ್ಮಾಸದ ನಾಲ್ಕು ತಿಂಗಳು ನಾನು, ಅಕ್ಕ ಇಬ್ಬರೂ ಅಲ್ಲಿರುವುದೆಂದು ಮಾಡಿದೆವು. ನನ್ನ ಹೆಂಡತಿ ಮೊಮ್ಮಗಳನ್ನು ನೋಡಿಕೊಂಡು ಪುಣೆಯಲ್ಲೇ ಉಳಿದಳು.

ಕುಡಿಯುವ ನೀರಿನ ದಂಡೆ ಎಂದಮೇಲೆ ನಿಯಮಗಳಿರಲೇಬೇಕಲ್ಲ. ಜಲಾಶಯದ ಕಚೇರಿಗೆ ಹೋಗಿ ಇಡೀ ನಿಯಮಾವಳಿಯ ನಕಲು ತಂದು, ಗೆರೆ ಎಳೆದು ಎಳೆದು ಓದಿದೆ. ದಂಡೆಯಲ್ಲಿ ಬಟ್ಟೆ, ಪಾತ್ರೆ, ವಾಹನ, ದನ ತೊಳೆಯಬಾರದು. ನೀರಿನಂಚಿಗೆ ಬೇಲಿ ಹಾಕಬಾರದು. ರಸಗೊಬ್ಬರ ಸುರಿಯಬಾರದು. ಮನೆಬಳಕೆಗೆ ಕೊಡದಲ್ಲಿ ನೀರು ಒಯ್ಯಬಹುದು, ಪಂಪು ಹಚ್ಚಬಾರದು. ಪಾಯಿಖಾನೆಯ ಗುಂಡಿ ನೀರಿನ ಗೆರೆಯಿಂದ ಇಂತಿಷ್ಟು ದೂರ ಇರಬೇಕು, ಅದರ ತಳವೂ ಗೋಡೆಯೂ ಸಿಮೆಂಟಿನದಾಗಿರಬೇಕು, ತುಂಬಿದಾಗ ಟ್ಯಾಂಕರ್ ಕರೆಸಿ ಎಳೆಸಬೇಕು. ಎಲ್ಲ ನನಗೆ ಬಾಯಿಪಾಠವಾಗಿತ್ತು.

ಮನೆ ಕಟ್ಟುವ ಗವಂಡಿ ಪಾಪ ಒಳ್ಳೆಯ ಸಲಹೆಯನ್ನೇ ಕೊಟ್ಟಿದ್ದ. ಪಾಯಿಖಾನೆಯನ್ನೂ ಗುಂಡಿಯನ್ನೂ ಮೇಲೆ ರಸ್ತೆಯ ಪಕ್ಕ, ಈಶಾನ್ಯದ ಮೂಲೆಯಲ್ಲಿ ಮಾಡೋಣ, ಟ್ಯಾಂಕರ್ ಅಲ್ಲೇ ಬಂದು ನಿಲ್ಲುತ್ತದೆ ಎಂದ. ಅಕ್ಕ ಕೇಳಿ ಹೌಹಾರಿದಳು.

"ಈಶಾನ್ಯ ಅಂದ್ರ ದೇವಮೂಲಿ! ಅಲ್ಲಿ ಸಂಡಾಸಿನ ಗುಂಡಿ ತೋಡ್ತೀರಿ? ಬುದ್ಧಿ ಎಲ್ಲಿ ಮಾರ್ಕೊಂಡು ಬಂದ್ರಿ?"

ಹಾಗಾಗಿ ಗುಂಡಿ ಶಾಸ್ತ್ರ ಒಪ್ಪುವ ವಾಯವ್ಯಕ್ಕೆ, ಅಂದರೆ ಕೆಳಗಿನ ಇಳಿಜಾರಿನ ಮೂಲೆಗೆ ಹೋಯಿತು. ಅಲ್ಲಿಗೆ ಟ್ಯಾಂಕರಿನ ಪೈಪು ಮುಟ್ಟುವುದಿಲ್ಲ. ಮುಟ್ಟದಿದ್ದರೆ ತುಂಬಿದಾಗ ಏನು ಮಾಡುವುದು? ತಳಕ್ಕೆ ಸಿಮೆಂಟು ಹಾಕದೆ ಬಿಟ್ಟರೆ ತಾನೇ ಇಂಗಿ ಹೋಗುತ್ತದೆ, ತುಂಬುವುದೇ ಇಲ್ಲ ಎಂದ ಗವಂಡಿ. ನಾನು ಹೂಂ ಅಂದೆ. ಹೌದು, ನಾನೇ ಅಂದೆ. ದೂರದ ನಿಯಮಕ್ಕೆ ಮಾತ್ರ ಟೇಪು ಹಿಡಿದು ನೀರಿನ ಅಂಚಿನಿಂದ ಗುಂಡಿಯವರೆಗೆ ಅಳೆದೆ. ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅದು ಏಪ್ರಿಲ್ ತಿಂಗಳು, ನೀರು ಎಲ್ಲೋ ಕೆಳಗೆ ಇಳಿದು ಕೂತಿತ್ತು ಎಂಬುದು ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಆ ಮನೆಯಲ್ಲಿ ಅಕ್ಕನನ್ನು ನೋಡುವುದೇ ಒಂದು ಸಂತೋಷ. ಬೆಳಗಾಗುತ್ತಲೇ ಸ್ನಾನ ಮುಗಿಸಿ, ತಾಮ್ರದ ಕೊಡ ಹಿಡಿದು ಕೆಳಗಿಳಿದು, ನೈರುತ್ಯದ ಕಡೆ ಇರುವ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು ನೀರು ತುಂಬುತ್ತಿದ್ದಳು. ಸೊಂಟ ನೋವು ಎಂದು ಪುಣೆಯಲ್ಲಿ ಮಂಚ ಹಿಡಿಯುತ್ತಿದ್ದವಳು ಇಲ್ಲಿ ತುಂಬಿದ ಕೊಡ ಹೊತ್ತು ಏರು ಹತ್ತುತ್ತಿದ್ದಳು. ಅದೇ ನೀರಲ್ಲಿ ಅಡಿಗೆ, ಅದರಲ್ಲೇ ಸಾಲಿಗ್ರಾಮದ ಅಭಿಷೇಕ, ಅದೇ ತೀರ್ಥ. ಮೊಮ್ಮಗಳು ರಜೆಗೆ ಬಂದರೆ ಅವಳ ಪುಟ್ಟ ಅಂಗೈಗೂ ಮೂರು ಉದ್ಧರಣೆ. ಅಕ್ಕನಿಗೆ ಒಂದು ಸುಖ ಕೊಟ್ಟೆನಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ನಾಲ್ಕನೆಯ ವರ್ಷ ಮಳೆ ಜೋರಾಗಿ ಹಿಡಿಯಿತು. ಭಾದ್ರಪದದ ಹೊತ್ತಿಗೆ ಜಲಾಶಯ ತುಂಬಿ ನೀರು ಅಕ್ಕನ ಕಲ್ಲಿನ ಮೇಲಂಚಿಗೇ ಬಂತು. ಒಂದು ಬೆಳಗ್ಗೆ ಅಕ್ಕ ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು.

"ಯಾಕೋ ನೀರು ವಾಸನಿ ಬರ್ತದೋ ತಮ್ಮಾ. ನಾಕ್ ದಿನ ಆತು."

ನಾನು ಹೊರಗೆ ಬಂದು ದಂಡೆಯುದ್ದಕ್ಕೂ ಕಣ್ಣು ಹಾಯಿಸಿದೆ. ಕಳ್ಳ ಸಿಕ್ಕೇಬಿಟ್ಟ! ನಮ್ಮ ಜಾಗದಾಚೆ, ಮೇಲಿನ ವಾಡಿ ಎಂಬ ಪುಟ್ಟ ಹಳ್ಳಿಯ ಹೆಂಗಸೊಬ್ಬಳು ಕೌದಿಗಳ ರಾಶಿ ಹಾಕಿಕೊಂಡು ತುಳಿದು ತುಳಿದು ತೊಳೆಯುತ್ತಿದ್ದಳು. ನವರಾತ್ರಿಗೆ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆದು ಒಣಗಿಸುವುದು ಆ ಕಡೆಯ ಪದ್ಧತಿ. ಪೇಟೆಯ ಮನೆಗಳವರು ತಮ್ಮ ಕೌದಿಗಳನ್ನು ಅವಳಿಗೆ ಕಳಿಸುತ್ತಿದ್ದರು. ವರ್ಷದಲ್ಲಿ ಅವಳಿಗೆ ಕೈತುಂಬ ಕೆಲಸ ಸಿಗುವುದು ಆ ಹದಿನೈದು ದಿನ ಮಾತ್ರ ಎಂದು ಆಮೇಲೆ ಗೊತ್ತಾಯಿತು. ಆಗ ನನಗೆ ಕಂಡದ್ದು ಸಾಬೂನಿನ ನೊರೆ ಒಂದೇ.

"ಈ ನೀರು ಕುಡಿಯುವವರು ಮನುಷ್ಯರಲ್ಲವೇ? ನಾಚಿಕೆ ಆಗುವುದಿಲ್ಲವೇ?" ಎಂದು ಮರಾಠಿಯಲ್ಲಿ ಅರಚಿದೆ. ಅಕ್ಕನೂ ಹಿಂದೆಯೇ ಬಂದು, "ನಿನ್ನ ಹೊಲಸು ನನ್ನ ದೇವರ ಕೊಡಕ್ಕೆ ಬರುತ್ತಿದೆ" ಎಂದು ಅವಳ ಭಾಷೆಯಲ್ಲೇ ಅಂದಳು. ಹೆಂಗಸು ಕಾಲು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು. ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡು, ಒದ್ದೆ ಕೌದಿಗಳನ್ನು ಬುಟ್ಟಿಗೆ ತುಂಬಿ ಹೊರಟುಹೋದಳು. ಮಾರನೆಯ ದಿನ ಮತ್ತೆ ಬಂದಳು, ಇನ್ನಷ್ಟು ದೂರದಲ್ಲಿ. ನನ್ನ ಪಿತ್ತ ನೆತ್ತಿಗೇರಿತು. ನಿಯಮದ ಸಂಖ್ಯೆಗಳನ್ನೆಲ್ಲ ಹಾಕಿ ಎರಡು ಪುಟದ ದೂರು ಬರೆದು, ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೇ ಬಂದೆ.

ವಾರದೊಳಗೆ ಅಧಿಕಾರಿಯೊಬ್ಬರು ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ನನ್ನ ಮಾತಿನ ಧಾಟಿ ಕೇಳಿ ನಕ್ಕರು.

"ನಾನೂ ನಿಮ್ಮ ಕಡೀಯವನೇರಿ. ಅಕ್ಕಲಕೋಟ ನಮ್ಮದು. ಮನ್ಯಾಗ ಕನ್ನಡಾನ."

ನಮ್ಮವನೇ ಬಂದನಲ್ಲ ಎಂದು ನನಗೆ ಆನೆಬಲ ಬಂತು. ಅಕ್ಕ ಅವಲಕ್ಕಿ ಹಚ್ಚಿ ಕೊಟ್ಟಳು. ಅವರು ತಿಂದು, ಕೈ ತೊಳೆದು, ಕೌದಿ ಹೆಂಗಸನ್ನು ಕಂಡು ಏನೋ ಬರೆದುಕೊಂಡು, ತಿರುಗಿ ನಮ್ಮ ಅಂಗಳಕ್ಕೇ ಬಂದರು.

"ದೂರು ಬಂದ್ರ ಆ ದಂಡಿ ಮ್ಯಾಲಿನ ಎಲ್ಲಾ ಮನೀನೂ ನೋಡಬೇಕಂತ ಅದರಿ. ನಿಮ್ಮದೂ ಒಂದೀಟು ನೋಡಿಬಿಡ್ತೇನಿ."

"ನೋಡ್ರಿ, ನೋಡ್ರಿ! ಧಾರಾಳವಾಗಿ ನೋಡ್ರಿ," ಎಂದೆ. ನಿಯಮಾವಳಿಯ ನನ್ನ ನಕಲು ಪ್ರತಿಯನ್ನೂ ತಂದು ತೋರಿಸಿದೆ.

ಅವರು ಇಳಿಜಾರಿನಲ್ಲಿ ಓಡಾಡಿ, ನಾನೇ ನೆಟ್ಟ ದಾಸವಾಳದ ಪೊದೆಯನ್ನು ಸರಿಸಿದರು. ಅದರ ಬುಡದಲ್ಲಿ ಬಣ್ಣ ಮಾಸಿದ ಒಂದು ಕಲ್ಲು ಹುಗಿದಿತ್ತು. ಜಲಾಶಯ ತುಂಬಿದಾಗ ನೀರು ನಿಲ್ಲುವ ಗೆರೆಯ ಕಲ್ಲು ಅದು.

"ಅಳತಿ ಇಲ್ಲಿಂದ ಹಿಡೀಬೇಕ್ರಿ. ಬ್ಯಾಸಿಗಿ ನೀರಿನಿಂದ ಅಲ್ಲ."

ಟೇಪಿನ ತುದಿಯನ್ನು ನಾನೇ ಹಿಡಿದೆ. ಗುಂಡಿ ಮುಟ್ಟಲು ನಾಲ್ಕು ಮಾರು ಕೂಡ ಬೇಕಾಗಲಿಲ್ಲ. ಆದರೂ ಸುಮ್ಮನಿರುವ ಜಾತಿಯೇ ನಾನು? "ದೂರ ಕಡಿಮಿ ಆಗಿರಬಹುದ್ರಿ, ಆದ್ರ ನಮ್ಮ ಗುಂಡೀದು ಒಂದು ಹನಿ ಕೆರಿಗೆ ಹೋಗೂದಿಲ್ಲ. ನಡುವ ಎಷ್ಟು ಮಣ್ಣದ, ಕಲ್ಲದ!" ಎಂದೆ.

ಅವರು ಚೀಲದಿಂದ ಒಂದು ಡಬ್ಬಿ ತೆಗೆದು, ಇಟ್ಟಿಗೆ ಬಣ್ಣದ ಪುಡಿಯನ್ನು ಬಕೆಟ್ಟಿಗೆ ಸುರಿದರು. ನೀರು ತಾಗಿದ್ದೇ ತಡ, ಆ ಕೆಂಪು ಕಣ್ಣು ಕುಕ್ಕುವ ಎಳೆಹಸಿರಾಯಿತು. ಅದನ್ನು ನಮ್ಮ ಪಾಯಿಖಾನೆಗೆ ಸುರಿದು, ಮೇಲಿಂದ ಹತ್ತಾರು ಬಕೆಟ್ ನೀರು ಹಾಕಿಸಿದರು.

"ಈ ಬಣ್ಣದಿಂದ ತ್ರಾಸೇನಿಲ್ಲರಿ. ಎಲ್ಲಿ ಬರ್ತದ ನೋಡೂದು ಅಷ್ಟ. ಸಂಜೀಕ ಬರ್ತೇನಿ."

ಊಟದ ಹೊತ್ತಿಗೆ ನಾಲ್ಕು ಸಲ, ಆಮೇಲೆ ಆರು ಸಲ, ಗುಂಡಿಯ ನೇರ ಕೆಳಗಿನ ದಂಡೆಗೆ ಹೋಗಿ ನೋಡಿದೆ. ನೀರು ತಿಳಿಯಾಗಿತ್ತು. ನೋಡಿದಿರಾ ಎಂದು ಗಾಳಿಗೆ ಹೇಳಿದೆ. ನಾಲ್ಕು ಗಂಟೆಗೆ ಅಧಿಕಾರಿ ಬಂದು ನನ್ನ ಜೊತೆ ಅಲ್ಲೇ ನಿಂತರು. ಆಗ ಅಕ್ಕನ ದನಿ ಕೇಳಿಸಿತು. ಆ ದನಿ ಗುಂಡಿಯ ಕಡೆಯಿಂದಲ್ಲ, ಅವಳು ನೀರು ತುಂಬುವ ನೈರುತ್ಯದ ಮೂಲೆಯಿಂದ ಬಂತು.

"ತಮ್ಮಾ... ಇಲ್ಲಿ ಬಾರೋ. ಲಗೂನ ಬಾ."

ಅವಳ ಚಪ್ಪಟೆ ಕಲ್ಲಿನ ಅಡಿಯಿಂದ, ಎರಡು ಬಂಡೆಗಳ ಸಂದಿನಿಂದ, ಹಸಿರು ಹೊರಗೆ ಬರುತ್ತಿತ್ತು. ದಾರದಂತೆ ಹೊರಟು, ನೀರಲ್ಲಿ ಹರಡಿ, ಅವಳು ದಿನಾ ಕೊಡ ಅದ್ದುವ ಜಾಗದಲ್ಲೇ ಮಡುಗಟ್ಟಿ ನಿಂತಿತ್ತು. ಮಣ್ಣಿನ ಕೆಳಗಿನ ಬಂಡೆ ಆ ಕಡೆಗೆ ವಾಲಿದೆ, ನೀರು ಬಂಡೆಯ ಮೇಲೇ ಜಾರಿ ಬರುತ್ತದೆ ಎಂದು ಅಧಿಕಾರಿ ಮೆಲ್ಲನೆ ವಿವರಿಸಿದರು. ಅಯ್ಯೋ ದೇವರೇ! ಅಲ್ಲೇ ಕೆಸರಲ್ಲಿ ಕುಕ್ಕರಿಸಿದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ಹುಡುಕಿದವನ ಗಾದೆಯನ್ನು ನಾನು ಎಷ್ಟು ಜನರ ಮುಖದ ಮೇಲೆ ಎಸೆದಿಲ್ಲ! ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ನನ್ನ ಅಕ್ಕ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹಸಿರನ್ನೇ ನೋಡುತ್ತ, "ನಾಕ್ ವರ್ಷ," ಎಂದಳು. ಹಿಂದೆಯೇ, "ಕೂಸಿಗೂ ಕೊಟ್ಟೀನಲ್ಲೋ," ಎಂದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ ಕೇಳಿದಳು: "ಇದು ಇಲ್ಲಿಂದ ಎಲ್ಲಿಗೆ ಹೋಗ್ತದಪಾ?"

"ಪುಣೇಕ್ಕರಿ ಅವ್ವಾ. ಅಲ್ಲಿ ಶುದ್ಧ ಮಾಡೇ ಬಿಡ್ತಾರ. ಆದ್ರೂ ಕೆರೀಗೆ ಬರಬಾರದರಿ ಇದು."

ಅವರು ಕಟ್ಟೆಯ ಮೇಲೆ ಕೂತು ಎರಡು ಕಾಗದ ಬರೆದರು. ಒಂದು ನನಗೆ: ಗುಂಡಿ ತಕ್ಷಣ ಮುಚ್ಚಬೇಕು, ಮೇಲೆ ರಸ್ತೆಯ ಪಕ್ಕ ಸಿಮೆಂಟಿನ ಟಾಕಿ ಆಗುವ ತನಕ ಈ ಮನೆಯಲ್ಲಿ ವಾಸ ಮಾಡಬಾರದು. ಇನ್ನೊಂದು ಕೌದಿ ಹೆಂಗಸಿಗೆ: ಇನ್ನು ಮುಂದೆ ಈ ದಂಡೆಯಲ್ಲಿ ತೊಳೆಯಬಾರದು.

"ಸಾಹೇಬ್ರ, ನನ್ನ ದೂರು ವಾಪಸ್ ತಗೋತೇನ್ರಿ. ಆಕೀಂದೇನೂ ತಪ್ಪಿಲ್ಲ," ಎಂದೆ. ಕೈ ಮುಗಿದೆ ಕೂಡ.

"ಅದು ಬರೂದಿಲ್ಲರಿ. ಸಬಕಾರದ ನೀರು ಕೆರಿಗೆ ಹೋಗೂದು ಖರೇನ ಅದಲ್ಲ? ನಿಯಮ ನಿಮಗೂ ಅದ, ಆಕೀಗೂ ಅದ."

ಒಂದೇ ನಿಯಮ ನಿಜ. ಆದರೆ ನನಗೆ ಪುಣೆಯಲ್ಲಿ ಎರಡು ಬಚ್ಚಲುಳ್ಳ ಫ್ಲಾಟಿದೆ. ಅವಳಿಗೆ ಆ ದಂಡೆ ಬಿಟ್ಟರೆ ಕೌದಿ ತುಳಿಯಲು ಇನ್ನೊಂದು ಕಲ್ಲಿಲ್ಲ, ನವರಾತ್ರಿಗೆ ಎಂಟೇ ದಿನ ಉಳಿದಿತ್ತು. ಇದು ನನಗೆ ಹೊಳೆದದ್ದು ಆ ಎರಡು ಕಾಗದಗಳನ್ನು ಅಕ್ಕಪಕ್ಕ ನೋಡಿದಾಗ.

ಆ ಸಂಜೆಯಿಂದ ಅಕ್ಕ ಒಂದು ಹನಿ ನೀರು ಮುಟ್ಟಲಿಲ್ಲ. ಪೇಟೆಯಿಂದ ಬಾಟಲಿ ತಂದು ಇಟ್ಟೆ. ಹಾಲು ಕಾಸಿ ಕೊಟ್ಟೆ. ಊಹೂಂ. ಲೋಟ ತುಟಿಯ ತನಕ ಹೋಗಿ ಕೆಳಗಿಳಿಯುತ್ತಿತ್ತು. "ಗಂಟಲದಾಗ ಇಳೀವಲ್ದೋ," ಎನ್ನುತ್ತಿದ್ದಳು. ಎಪ್ಪತ್ತು ದಾಟಿದ ಜೀವ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೆಳಗಾದ ಮೇಲೆ ಪುಣೆಗೆ, ನೇರ ಡಾಕ್ಟರ ಹತ್ತಿರ ಹೋಗೋಣ ಎಂದೆ.

"ಹೋಗೂಣು. ಅದಕ್ಕಿಂತ ಮೊದಲ ಆಕೀ ಮನೀಗೆ ಹೋಗೂಣು. ನಾ ಆಡಬಾರದ ಮಾತು ಆಡೇನಿ."

ಅವಳ ವಾಡಿ ರಸ್ತೆಯಾಚೆಯ ಗುಡ್ಡದಲ್ಲಿತ್ತು. ಅಕ್ಕ ನನ್ನ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಹತ್ತಿದಳು. ಕೌದಿ ಹೆಂಗಸು ಅಂಗಳದಲ್ಲೇ ಇದ್ದಳು. ತೊಳೆಯದ ಕೌದಿಗಳನ್ನು ಒಡೆಯರ ಮನೆಗೆ ವಾಪಸ್ ಕಳಿಸಲು ಗಂಟು ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಮುಖ ಬಿಗಿಯಿತು, ಆದರೂ ಮನೆಗೆ ಬಂದವರು ಎಂದು ಚಾಪೆ ಹಾಸಿದಳು. ಅಕ್ಕ ಕೂತವಳೇ ಕೈ ಜೋಡಿಸಿ, "ತಪ್ಪಾಯಿತು ತಾಯಿ" ಎಂದು ಮರಾಠಿಯಲ್ಲಿ ಹೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಯಾರ ಮುಂದೆಯೂ ಹಾಗೆ ಕೈ ಜೋಡಿಸಿದ್ದನ್ನು ನಾನು ಕಂಡಿರಲಿಲ್ಲ.

ಹೆಂಗಸು ಒಳಗೆ ಹೋಗಿ ಎರಡು ಸ್ಟೀಲಿನ ಲೋಟದಲ್ಲಿ ನೀರು ತಂದು ಮುಂದೆ ಇಟ್ಟಳು. ನಾನು ಲೋಟ ಎತ್ತಿದವನು ತಡೆದು, "ಇದು ಎಲ್ಲಿಯ ನೀರು?" ಎಂದುಬಿಟ್ಟೆ. ಬಾಯಿಂದ ಮಾತು ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಥೂ ನನ್ನ ಬಾಯಿಗಿಷ್ಟು! ಕ್ಷಮೆ ಕೇಳಲು ಬಂದವನು ಕೇಳುವ ಪ್ರಶ್ನೆಯೇ ಇದು?

ಅವಳಿಗೆ ಸಿಟ್ಟು ಬರಲಿಲ್ಲ. "ಹೆದರಬೇಡಿ ಕಾಕಾ," ಎಂದಳು. "ಇದು ಗುಡ್ಡದ ಮೇಲಿನ ಒರತೆಯದು. ನಾನೇ ಹೊತ್ತು ತರುತ್ತೇನೆ. ನಿಮ್ಮ ದಂಡೆಯ ನೀರು ನಾವು ಕುಡಿಯುವುದಿಲ್ಲ. ನಿಮ್ಮ ಮನೆಯ ಗುಂಡಿ ತೋಡಿದ್ದು ನನ್ನ ಗಂಡ. ತಳಕ್ಕೆ ಸಿಮೆಂಟು ಹಾಕಲಿಲ್ಲ ಎಂದು ಅವತ್ತೇ ಬಂದು ಹೇಳಿದ. ಅವತ್ತಿನಿಂದ ನಾವು ಅಲ್ಲಿ ಕೊಡ ತುಂಬಿಲ್ಲ."

ನಾಲ್ಕು ವರ್ಷ! ಇವರಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು! ನನ್ನ ಸಿಟ್ಟು ಎಲ್ಲಿತ್ತೋ ಮತ್ತೆ ಬಂತು.

"ಗೊತ್ತಿದ್ದೂ ಸುಮ್ಮನಿದ್ದೆಯಾ? ಮುದುಕಿ ದಿನಾ ಅದೇ ನೀರು ಕುಡಿಯುವುದನ್ನು ನೋಡುತ್ತ ನಿಂತೆಯಾ? ಒಂದು ಮಾತು ಹೇಳಬಾರದಿತ್ತೇ?"

"ನಿಮ್ಮ ಹತ್ತಿರ ಬರಲು ಹೆದರಿಕೆ ಕಾಕಾ. ನೀವು ಬೈಯುತ್ತೀರಿ," ಎಂದಳು. ಆಮೇಲೆ ತಲೆ ತಗ್ಗಿಸಿ, "ಈ ಆಜಿಗೆ ಹೇಳಲು ಹೋಗಿದ್ದೆ," ಎಂದಳು.

ನಾನು ಅಕ್ಕನ ಕಡೆ ತಿರುಗಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬಂದಿದ್ಲೋ," ಎಂದಳು ಅಕ್ಕ, ಕನ್ನಡದಲ್ಲಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಮೊದಲನೇ ವರ್ಷ ಮೂರು ಸಲ ಬಂದಿದ್ಲು. ನೀರು ತುಂಬೂ ಮುಂದ ಕೈ ಮಾಡ್ಕೋತ, ಆಜೀ ಆಜೀ ಅನ್ಕೋತ ಹತ್ತರ ಬರ್ತಿದ್ಲು. ದೂರ ಸರೀ ಅಂತ ನೀರು ಎರಚಿ ಓಡಿಸಿದೆ. ನಾ ಮಡೀಲೆ ಇದ್ದೆ."